ಹನ್ನೊಂದು ಕೆಂಪು ಸುತ್ತು

ಮಕ್ಕಳು ಅವರಿಗೆ ಫುಲ್‌ಸ್ಟಾಪ್ ಮೇಷ್ಟ್ರು ಎಂದು ಹೆಸರಿಟ್ಟಿದ್ದರು. ವಾಕ್ಯದ ಕೊನೆಗೆ ಚುಕ್ಕಿ ಇಡಲು ಯಾರಾದರೂ ಮರೆತರೆ ಮೇಷ್ಟ್ರು, ‘ಬ್ರೇಕ್ ಇಲ್ಲದ ಬಸ್ಸು ಬಂತು, ಎಲ್ಲರೂ ದಾರಿ ಬಿಡಿ’ ಎಂದು ಇಡೀ ತರಗತಿಯನ್ನು ನಗಿಸುತ್ತಿದ್ದರು. ಅಡ್ಡಹೆಸರು ಅವರ ಕಿವಿಗೂ ಬಿದ್ದಿತ್ತು. ಬೇಜಾರೇನಿರಲಿಲ್ಲ, ಒಳಗೊಳಗೇ ಸ್ವಲ್ಪ ಹೆಮ್ಮೆಯೂ ಇತ್ತು.

ಇಪ್ಪತ್ತಾರು ವರ್ಷದಿಂದ ಅವರು ಆರು, ಏಳು, ಎಂಟನೇ ತರಗತಿಗಳಿಗೆ ಇಂಗ್ಲಿಷ್ ಹೇಳಿಕೊಡುತ್ತಿದ್ದರು. ಪ್ರಬಂಧವೆಂದರೆ ಐದು ಪ್ಯಾರಾ, ಮಾದರಿ ಬೋರ್ಡಿನ ಮೇಲೆ. ಕಥೆಯೆಂದರೆ ಗೆರೆ ಎಳೆದು ನಡುನಡುವೆ ಸುಳಿವಿನ ಪದ: ಒಬ್ಬ ಪ್ರಯಾಣಿಕ, ದಟ್ಟ ಕಾಡು, ಕಳೆದುಹೋದ ಚೀಲ, ಪ್ರಾಮಾಣಿಕ ಹುಡುಗಿ, ಬಹುಮಾನ. ಮಕ್ಕಳು ನಡುವಿನ ಜಾಗ ತುಂಬಬೇಕು. ನಲವತ್ತೆಂಟು ಪುಸ್ತಕಗಳಲ್ಲಿ ನಲವತ್ತೆಂಟು ಸಲ ಅದೇ ಚೀಲ ಕಳೆದು, ಅದೇ ಹುಡುಗಿಗೆ ಸಿಗುತ್ತಿತ್ತು. ಇದರಲ್ಲಿ ಒಂದು ಅನುಕೂಲವಿತ್ತು. ಓದುವ ಅಗತ್ಯವೇ ಇರಲಿಲ್ಲ. ಕಣ್ಣಾಡಿಸಿದರೆ ಸಾಕು, ಅನ್ನದಲ್ಲಿನ ಕಲ್ಲಿನಂತೆ ತಪ್ಪು ತಾನಾಗಿಯೇ ಸಿಗುತ್ತಿತ್ತು. ನಾಲ್ಕು ಸೆಕ್ಷನ್ನಿನ ಪುಸ್ತಕಗಳ ರಾಶಿಯನ್ನು ಅವರು ಸ್ಟಾಫ್ ರೂಮಿನ ಕಿಟಕಿ ಪಕ್ಕದ ಮೇಜಿನಲ್ಲಿ ಕೂತು ಎರಡು ಬಿಡುವಿನ ಪೀರಿಯಡ್ಡಿನಲ್ಲಿ ಮುಗಿಸಿಬಿಡುತ್ತಿದ್ದರು. ಬೇರೆಯವರು ಪುಸ್ತಕಗಳನ್ನು ಮನೆಗೆ ಹೊತ್ತುಕೊಂಡು ಹೋಗುವುದನ್ನು ನೋಡಿ ಮರುಕಪಡುತ್ತಿದ್ದರು.

ಆ ವರ್ಷ ಏಳನೇ ತರಗತಿಗೆ ಬೇರೆ ಶಾಲೆಯಿಂದ ಒಬ್ಬ ಹುಡುಗಿ ಬಂದು ಸೇರಿದಳು. ತೆಳ್ಳಗೆ, ಎತ್ತರಕ್ಕಿದ್ದಳು. ಉದ್ದನೆಯ ಜಡೆಯನ್ನು ತಾನೇ ಹೆಣೆದುಕೊಂಡಿದ್ದಳು ಎನ್ನುವುದು ಅದರ ಸೊಟ್ಟ ಬೈತಲೆಯಿಂದಲೇ ಗೊತ್ತಾಗುವಂತಿತ್ತು. ಮೇಷ್ಟ್ರಿಗೆ ಮಾತ್ರ ಅದು ಗೊತ್ತಾಗಲಿಲ್ಲ. ಅವರ ಪಾಲಿಗೆ ಅವಳು ಮೂರನೇ ಬೆಂಚಿನ ಕೊನೆಯ ಹುಡುಗಿ, ಅಷ್ಟೇ.

ಎರಡನೇ ತಿಂಗಳಲ್ಲಿ ‘ನನ್ನ ತಾಯಿ’ ಎಂಬ ಪ್ರಬಂಧ ಬಂತು. ಮೇಷ್ಟ್ರು ಎಂದಿನಂತೆ ಮಾದರಿ ಬರೆದರು. ನನ್ನ ತಾಯಿ ಬೆಳಿಗ್ಗೆ ಬೇಗ ಏಳುತ್ತಾಳೆ, ನನಗೆ ಪಾಠ ಹೇಳಿಕೊಡುತ್ತಾಳೆ, ನನ್ನ ತಾಯಿಯೆಂದರೆ ನನಗೆ ಇಷ್ಟ. ನಲವತ್ತೇಳು ಮಕ್ಕಳು ಅದನ್ನೇ ಇಳಿಸಿದರು. ಈ ಹುಡುಗಿ ಮಾದರಿಯನ್ನು ಪಕ್ಕಕ್ಕಿಟ್ಟು ತನ್ನದೇ ಬರೆದಳು. ತಡವರಿಸುವ ಇಂಗ್ಲಿಷ್, ಚಿಕ್ಕ ಚಿಕ್ಕ ವಾಕ್ಯ. ನನ್ನ ಅಮ್ಮನ ದನಿ ತುಂಬ ಗಟ್ಟಿಯಾಗಿತ್ತು. ಅವಳು ನಕ್ಕರೆ ಮೂರು ಮನೆಯಾಚೆಗೂ ಕೇಳುತ್ತಿತ್ತು. ಅಪ್ಪ ಅಂಗಡಿ ಬೋರ್ಡ್ ಬರೆಯುವಾಗ ಅವಳು ಕೆಳಗೆ ನಿಂತು ಏಣಿ ಹಿಡಿಯುತ್ತಿದ್ದಳು. ಹಲ್ಲಿ ಕಂಡರೆ ಅವಳಿಗೆ ಭಯವಿತ್ತು, ಅದನ್ನು ನನಗೆ ಮಾತ್ರ ಹೇಳಿದ್ದಳು.

ಮೇಷ್ಟ್ರ ಕಣ್ಣಿಗೆ ಬಿದ್ದದ್ದು ಹಲ್ಲಿಯಲ್ಲ, ಏಣಿಯಲ್ಲ, ಕಾಲ. ವರ್ತಮಾನದಲ್ಲಿ ಇರಬೇಕಾದದ್ದೆಲ್ಲ ಭೂತಕಾಲದಲ್ಲಿತ್ತು. ‘ಈಸ್’ ಇರಬೇಕಾದ ಕಡೆಯೆಲ್ಲ ‘ವಾಸ್’. ಕೆಂಪು ಪೆನ್ನಿನಿಂದ ಒಂದೊಂದಕ್ಕೂ ಸುತ್ತು ಹಾಕುತ್ತ ಹೋದರು. ಒಟ್ಟು ಹನ್ನೊಂದು. ಒಂದೇ ತಪ್ಪನ್ನು ಹನ್ನೊಂದು ಸಲ ಮಾಡಿದ ಮಗುವನ್ನು ಸುಮ್ಮನೆ ಬಿಟ್ಟರೆ ಹೇಗೆ? ಮರುದಿನ ತರಗತಿಯಲ್ಲಿ ಪುಸ್ತಕವನ್ನು ಎತ್ತಿ ಹಿಡಿದು ಅವಳನ್ನು ಎಬ್ಬಿಸಿ ನಿಲ್ಲಿಸಿದರು.

“ಏನಮ್ಮಾ, ಅಮ್ಮ ಹಾಗಿದ್ದಳು, ಹೀಗಿದ್ದಳು ಅಂತ ಬರೆದಿದ್ದೀಯಲ್ಲ. ಈಗ ಅಮ್ಮ ಇಲ್ವಾ? ರಜ ಹಾಕಿ ಹೋಗಿದ್ದಾಳಾ?”

ತರಗತಿ ಗೊಳ್ಳೆಂದಿತು. ಹುಡುಗಿ, “ಇಲ್ಲ ಸರ್” ಎಂದಳು.

ರಜ ಹಾಕಿಲ್ಲ ಎಂದಳು ಅಂದುಕೊಂಡು ಮೇಷ್ಟ್ರು ತಾವೂ ನಕ್ಕರು. ಹನ್ನೊಂದು ವಾಕ್ಯವನ್ನೂ ಮೂರು ಮೂರು ಸಲ ಸರಿಯಾಗಿ ಬರೆದು, ಒಂದು ಹಾಳೆಯಲ್ಲಿ ಫೇರ್ ಕಾಪಿ ಮಾಡಿ ತರಲು ಹೇಳಿದರು. ಅವಳು ಮಾಡಿ ತಂದಳು. ಅಕ್ಷರ ಮುತ್ತು ಪೋಣಿಸಿದ ಹಾಗಿತ್ತು. ಆ ತರಗತಿಯ ಪ್ರಬಂಧಗಳಲ್ಲಿ ನೋಡಲು ಇದೇ ಚೆನ್ನಾಗಿದೆಯೆಂದು ಮೇಷ್ಟ್ರು ಹತ್ತಕ್ಕೆ ಹತ್ತು ಕೊಟ್ಟು, ಪೋಷಕರ ಸಭೆಗೆಂದು ಸಿಂಗರಿಸಿದ್ದ ಹಜಾರದ ಗೋಡೆಗೆ ಪಿನ್ನು ಹಾಕಿ ಸಿಕ್ಕಿಸಿದರು.

ಪೋಷಕರ ಸಭೆಗೆ ಹುಡುಗಿಯ ಅಪ್ಪ ಬಂದ. ಅಂಗಡಿಗಳಿಗೆ ಬೋರ್ಡ್ ಬರೆಯುವವನು. ಉಗುರಿನ ಸಂದಿಯಲ್ಲಿ ನೀಲಿ ಬಣ್ಣ ಹಾಗೇ ಉಳಿದಿತ್ತು. ಇಂಗ್ಲಿಷ್ ಅಕ್ಷರಗಳನ್ನು ಅವನಷ್ಟು ಅಂದವಾಗಿ ಬರೆಯುವವರು ಆ ಪೇಟೆಯಲ್ಲಿ ಇರಲಿಲ್ಲ, ಆದರೆ ಒಂದು ವಾಕ್ಯವನ್ನು ಓದಿ ಅರ್ಥ ಮಾಡಿಕೊಳ್ಳಲು ಬರುತ್ತಿರಲಿಲ್ಲ. ಅವನು ಮಗಳ ಹಾಳೆಯ ಮುಂದೆ ಬಹಳ ಹೊತ್ತು ನಿಂತ. ಒಂದು ಕೈಯಲ್ಲಿ ಅವಳ ನೋಟ್‌ಬುಕ್ ಬಿಚ್ಚಿ ಹಿಡಿದು, ಅದರಲ್ಲಿದ್ದ ಮೂರಕ್ಷರದ ಪದ ಗೋಡೆಯ ಮೇಲೆ ಎರಡಕ್ಷರ ಆಗಿರುವುದನ್ನು ಬೆರಳಿಟ್ಟು ಒಂದೊಂದಾಗಿ ಹೋಲಿಸಿದ. ಆಮೇಲೆ ಮೇಷ್ಟ್ರ ಹತ್ತಿರ ಬಂದ. ಮುಖ್ಯೋಪಾಧ್ಯಾಯಿನಿ ಪಕ್ಕದಲ್ಲೇ ಇದ್ದರು. ಹುಡುಗಿ ಅಪ್ಪನ ಹಿಂದೆ ನಿಂತಿದ್ದಳು.

“ಸರ್, ಇವಳ ತಾಯಿ ತೀರಿಕೊಂಡು ಒಂದು ವರ್ಷದ ಮೇಲಾಯ್ತು. ಇಲ್ಲಿ ಇದ್ದಾಳೆ ಅಂತ ಬರೆದಿದೆ. ಇದು ಹೇಗಾಯ್ತು?” ಎಂದು ಮೆಲ್ಲಗೆ ಕೇಳಿದ.

ಆ ‘ಇಲ್ಲ ಸರ್’ ಎಂಬ ಮಾತಿನ ಇನ್ನೊಂದು ಅರ್ಥ ಮೇಷ್ಟ್ರಿಗೆ ಆಗ ಹೊಳೆಯಿತು. ಹುಡುಗಿ ಅವತ್ತು ಕೇಳಿದ ಪ್ರಶ್ನೆಗೆ ನೇರವಾಗಿ ಉತ್ತರ ಕೊಟ್ಟಿದ್ದಳು. ಮುಖ್ಯೋಪಾಧ್ಯಾಯಿನಿ ತಿರುಗಿ ನೋಡಿದರು. ಬಾಯಿಗೆ ಮೊದಲು ಬಂದ ಮಾತನ್ನು ಮೇಷ್ಟ್ರು ಆಡಿಬಿಟ್ಟರು.

“ಫೇರ್ ಕಾಪಿ ಮಕ್ಕಳೇ ಮಾಡ್ಕೊಳ್ಳೋದು. ಇವಳೇ ಬದಲಾಯಿಸಿಕೊಂಡಿರಬೇಕು. ಈ ವಯಸ್ಸಿನವರಿಗೆ ಕಾಲ ಸ್ವಲ್ಪ ಗೊಂದಲ.”

ಅಪ್ಪ ಅವರ ಮುಖವನ್ನೇ ನೋಡಿದ. ಕೈಯಲ್ಲಿದ್ದ ನೋಟ್‌ಬುಕ್ಕಿನಲ್ಲಿ ಹನ್ನೊಂದು ಕೆಂಪು ಸುತ್ತುಗಳು ಕಣ್ಣಿಗೆ ಹೊಡೆಯುವಂತಿದ್ದವು. ಅವನು ಅದನ್ನು ಎತ್ತಿ ತೋರಿಸಲಿಲ್ಲ. “ಆಗಲಿ ಸರ್” ಎಂದು ಪುಸ್ತಕ ಮುಚ್ಚಿ, ಮಗಳ ಹೆಗಲ ಮೇಲೆ ಕೈಯಿಟ್ಟು ನಡೆದ.

ಮನೆಗೆ ಹೋದ ಮೇಷ್ಟ್ರು ಶೂ ಕೂಡ ಬಿಚ್ಚದೆ ಕುರ್ಚಿಯಲ್ಲಿ ಕೂತರು. ಔಷಧಿ ಅಂಗಡಿಯಲ್ಲಿ ಕೆಲಸ ಮಾಡುವ ಅವರ ಹೆಂಡತಿ ಆಗಷ್ಟೇ ಬಂದಿದ್ದರು. ಮುಖ ನೋಡಿ ಏನಾಯಿತೆಂದು ಕೇಳಿದರು. ಮೇಷ್ಟ್ರು ಮೊದಲು ಅರ್ಧ ಹೇಳಿದರು. ಯಾರೂ ನನಗೆ ತಿಳಿಸಿರಲಿಲ್ಲ, ದಾಖಲಾತಿ ರಿಜಿಸ್ಟರ್ ಆಫೀಸಿನಲ್ಲಿರುತ್ತದೆ, ನಾನು ಅವಳ ಕ್ಲಾಸ್ ಟೀಚರ್ ಅಲ್ಲ, ನೂರಾ ತೊಂಬತ್ತು ಮಕ್ಕಳ ಮನೆಯ ವಿಷಯ ಯಾರಿಗೆ ಗೊತ್ತಿರುತ್ತದೆ ಎಂದರು. ಹೆಂಡತಿ, ಗೊತ್ತಿಲ್ಲದೆ ಆದದ್ದಕ್ಕೆ ಇಷ್ಟು ಯಾಕೆ ಕುಗ್ಗಿದ್ದೀರಿ ಎಂದಾಗ ಉಳಿದರ್ಧವನ್ನೂ ಹೇಳಬೇಕಾಯಿತು.

“ಅಂದ್ರೆ ತಪ್ಪನ್ನ ಆ ಮಗು ತಲೆಗೆ ಕಟ್ಟಿ ಬಂದ್ರಿ” ಎಂದರು ಹೆಂಡತಿ. ಅಷ್ಟೇ. ಬೇರೆ ಏನೂ ಅನ್ನದೆ ಎದ್ದು ಒಳಗೆ ಹೋದರು. ನಾಲ್ಕು ಬೈದಿದ್ದರೆ ಮೇಷ್ಟ್ರಿಗೆ ಎಷ್ಟೋ ಹಗುರವಾಗುತ್ತಿತ್ತು.

ಆಮೇಲಿನ ಒಂದು ವಾರ ಅವರು ತರಗತಿಯಲ್ಲಿ ಮೂರನೇ ಬೆಂಚಿನ ಕಡೆ ನೋಡಲಿಲ್ಲ. ಅವಳಿಗೆ ಪ್ರಶ್ನೆ ಕೇಳಲಿಲ್ಲ. ಬಸ್ಸಿನ ಜೋಕೂ ನಿಂತುಹೋಯಿತು. ಪುಸ್ತಕಗಳ ರಾಶಿ ಬಂದಾಗ ಅವಳದನ್ನು ಎತ್ತಿ ಕೊನೆಗೆ ಹಾಕುತ್ತಿದ್ದರು. ಕೊನೆಗೂ ಅದನ್ನು ಬಿಚ್ಚಲೇಬೇಕಾಯಿತು. ಮೊದಲ ಸಲ ಆ ಪ್ರಬಂಧವನ್ನು ಅವರು ಸಾವಧಾನವಾಗಿ, ಓದುವವರ ಹಾಗೆ ಓದಿದರು. ವ್ಯಾಕರಣದ ತಪ್ಪು ಎರಡೋ ಮೂರೋ ಇದ್ದವು. ಕಾಲದಲ್ಲಿ ಒಂದೂ ಇರಲಿಲ್ಲ. ಹದಿಮೂರು ವರ್ಷದ ಮಗು ಹನ್ನೊಂದು ಕಡೆಯೂ ಯೋಚಿಸಿ, ಎಲ್ಲಿಯೂ ತಪ್ಪದೆ ಬರೆದಿತ್ತು. ತಮ್ಮ ಕೈಯಾರೆ ಹಾಕಿದ ಸುತ್ತುಗಳನ್ನು ನೋಡುತ್ತ ಅವರಿಗೆ ನೆಲ ಬಾಯಿಬಿಟ್ಟು ನುಂಗಬಾರದೇ ಅನ್ನಿಸಿತು. ಇಪ್ಪತ್ತಾರು ವರ್ಷದಲ್ಲಿ ಇನ್ನೆಷ್ಟು ಮಕ್ಕಳ ಎಷ್ಟು ಸರಿಗಳನ್ನು ಹೀಗೆ ತಿದ್ದಿದ್ದೇನೋ ಎಂಬ ಯೋಚನೆ ಬಂದು ಪುಸ್ತಕ ಮುಚ್ಚಿಟ್ಟರು.

ಭಾನುವಾರ ಬೆಳಿಗ್ಗೆ ಬೋರ್ಡ್ ಬರೆಯುವವನನ್ನು ಹುಡುಕಿಕೊಂಡು ಹೊರಟರು. ಅವನು ಚಪ್ಪಲಿ ಅಂಗಡಿಯೊಂದರ ಮುಂದೆ ಏಣಿ ಹತ್ತಿ ಹಳೆಯ ಬೋರ್ಡಿಗೆ ಹೊಸ ಅಕ್ಷರ ಬರೆಯುತ್ತಿದ್ದ. ಏಣಿಯ ಒಂದು ಕಾಲು ಒಡೆದ ಹಾಸುಗಲ್ಲಿನ ಮೇಲಿದ್ದು ಕೊಂಚ ಅಲುಗುತ್ತಿತ್ತು. ಮೇಷ್ಟ್ರು ಹಿಡಿದುಕೊಳ್ಳಲು ಕೈ ಚಾಚಿದರು. ಅದು ಯಾರ ಕೆಲಸವಾಗಿತ್ತು ಎನ್ನುವುದು ಥಟ್ಟನೆ ನೆನಪಾಗಿ ಕೈ ಹಿಂದಕ್ಕೆ ತೆಗೆದುಕೊಂಡು ಸುಮ್ಮನೆ ನಿಂತರು. ಅವನು ಹಿಡಿದ ಅಕ್ಷರ ಮುಗಿಸಿ, ಕುಂಚ ಡಬ್ಬಿಯ ಮೇಲಿಟ್ಟು, ಇಳಿದು ಬಂದ.

ಮೇಷ್ಟ್ರು ದಾರಿಯುದ್ದಕ್ಕೂ ಮಾತು ಹೊಂದಿಸಿಕೊಂಡು ಬಂದಿದ್ದರು. ಅವೆಲ್ಲ ಎಲ್ಲಿಗೋ ಹೋದವು.

“ತಿದ್ದಿದ್ದು ನಾನೇ. ನಿಮ್ಮ ಮಗಳು ಸರಿಯಾಗಿಯೇ ಬರೆದಿದ್ದಳು. ಅವತ್ತು ನಾನು ಸುಳ್ಳು ಹೇಳಿದೆ” ಎಂದರು.

“ಗೊತ್ತು ಸರ್” ಎಂದ ಅವನು. “ತಿದ್ದಿದ ದಿನಾನೇ ಮನೆಗೆ ಬಂದು ಹೇಳಿದ್ಲು. ಕ್ಲಾಸಲ್ಲಿ ನೀವು ಕೇಳಿದ್ದೂ ಹೇಳಿದ್ಲು.”

“ಗೊತ್ತಿದ್ದೂ ಯಾಕೆ ಕೇಳಿದ್ರಿ?”

ಅವನು ಬಟ್ಟೆ ಚೂರಿನಿಂದ ಬೆರಳು ಒರೆಸಿಕೊಳ್ಳುತ್ತಿದ್ದ. “ನೀವು ಹೇಳ್ತೀರೇನೋ ಅಂತ. ಅವಳೂ ಹಾಗೇ ಅಂದ್ಕೊಂಡಿದ್ಲು. ಸರ್‌ಗೆ ಗೊತ್ತಿರಲಿಲ್ಲ ಅಷ್ಟೇ ಅಪ್ಪ, ಗೊತ್ತಾದ್ರೆ ಹೇಳ್ತಾರೆ ಅಂದಿದ್ಲು.”

ಅಂಗಡಿಯವನು ಚಪ್ಪಲಿ ಜೋಡಿಸುತ್ತ ಇವರತ್ತ ಕಣ್ಣು ಹಾಯಿಸುತ್ತಿದ್ದ. ಏನು ಮಾಡಿದರೆ ಸರಿಹೋಗುತ್ತದೆ ಎಂದು ಮೇಷ್ಟ್ರು ಕೇಳಿದರು. ಅದನ್ನು ನನ್ನ ಹತ್ತಿರ ಕೇಳಿ ಪ್ರಯೋಜನವಿಲ್ಲ, ಅವಳ ಹತ್ತಿರ ಕೇಳಿ ಎಂದು ಅವನು ಮತ್ತೆ ಏಣಿ ಹತ್ತಿದ. ಕೋಪದಿಂದ ಹೇಳಿದ ಮಾತಲ್ಲ ಅದು. ಬಣ್ಣ ಒಣಗುತ್ತಿತ್ತು.

ಆ ಸಂಜೆಯೆಲ್ಲ ಕೂತು ಮೇಷ್ಟ್ರು ಒಂದು ತೀರ್ಮಾನಕ್ಕೆ ಬಂದರು. ನಗೆಪಾಟಲು ಮಾಡಿದ್ದು ಎಲ್ಲರ ಮುಂದೆ, ಆದ್ದರಿಂದ ಕ್ಷಮೆಯನ್ನೂ ಎಲ್ಲರ ಮುಂದೆಯೇ ಕೇಳಬೇಕು. ಬೋರ್ಡಿನ ಮುಂದೆ ನಿಂತು ಹೇಳಬೇಕಾದ ಮಾತನ್ನು ಬರೆದೂ ಇಟ್ಟರು. ಬರೆಯುತ್ತ ಮನಸ್ಸು ಸ್ವಲ್ಪ ತಿಳಿಯಾಯಿತು. ಮರುದಿನ ಪೀರಿಯಡ್ಡಿಗೆ ಮುಂಚೆ ಹುಡುಗಿಯನ್ನು ಕುಡಿಯುವ ನೀರಿನ ನಲ್ಲಿಗಳ ಹತ್ತಿರ ಕರೆದು, ತಮ್ಮ ತಪ್ಪನ್ನು ಒಪ್ಪಿಕೊಂಡು, ಇವತ್ತು ತರಗತಿಯಲ್ಲೂ ಹೇಳುತ್ತೇನೆ ಎಂದರು.

ಹುಡುಗಿಯ ಮುಖ ಬಿಳಿಚಿಕೊಂಡಿತು.

“ಬೇಡ ಸರ್. ಅಮ್ಮ ಇಲ್ಲ ಅಂತ ಇಲ್ಲಿ ಯಾರಿಗೂ ಗೊತ್ತಿಲ್ಲ. ಹಳೇ ಸ್ಕೂಲಲ್ಲಿ ಎಲ್ಲರಿಗೂ ಗೊತ್ತಿತ್ತು. ಎಲ್ಲರೂ ಅಯ್ಯೋ ಪಾಪ ಅಂತಿದ್ರು. ಅದಕ್ಕೇ ಅಪ್ಪ ಇಲ್ಲಿಗೆ ಸೇರಿಸಿದ್ದು.”

“ಮತ್ತೆ ಪ್ರಬಂಧದಲ್ಲಿ ಬರೆದೆಯಲ್ಲ?”

“ಅದನ್ನ ನೀವೊಬ್ಬರೇ ಓದ್ತೀರಿ ಅಂತ ಬರೆದೆ.”

ಜೇಬಿನಲ್ಲಿದ್ದ ಕಾಗದವನ್ನು ಮೇಷ್ಟ್ರು ಬೆರಳಿನಲ್ಲೇ ಹಿಸುಕಿದರು. ತಮ್ಮ ದೊಡ್ಡ ಕ್ಷಮಾಪಣೆಯೂ ತಮ್ಮ ಎದೆ ಹಗುರ ಮಾಡಿಕೊಳ್ಳಲೆಂದೇ ಇತ್ತು, ಅವಳನ್ನು ಕೇಳಬೇಕೆಂದು ನಿನ್ನೆಯೆಲ್ಲ ತೋಚಿರಲಿಲ್ಲ ಎನ್ನುವುದು ಅರಿವಾಯಿತು. ಗೋಡೆಯ ಮೇಲಿನ ಹಾಳೆಯನ್ನಾದರೂ ತೆಗೆದುಬಿಡಲಾ ಎಂದು ಕೇಳಿದರು. ತನ್ನದೊಂದನ್ನೇ ತೆಗೆದರೆ ಹುಡುಗಿಯರು ಯಾಕೆಂದು ಕೇಳುತ್ತಾರೆ, ಇರಲಿ ಎಂದಳು. “ಪರವಾಗಿಲ್ಲ ಸರ್. ನಾನು ಹೋಗ್ಲಾ?” ಎಂದು ಕೇಳಿ, ಅವರು ತಲೆಯಾಡಿಸಿದ ಮೇಲೆ ಹೋದಳು.

ಹಾಗಾಗಿ ಅರ್ಧವರ್ಷ ಮುಗಿಯುವ ತನಕ ಆ ಹಾಳೆ ಹಜಾರದಲ್ಲೇ ಉಳಿಯಿತು. ಸ್ಟಾಫ್ ರೂಮಿಗೆ ಹೋಗಲು ಬೇರೆ ದಾರಿ ಇರಲಿಲ್ಲ. ದಿನಕ್ಕೆ ಆರು ಸಲ ಮೇಷ್ಟ್ರು ಅದರ ಮುಂದೆ ಹಾದುಹೋಗಬೇಕಿತ್ತು. ಕೊನೆಗೆ ಅವರಾಗಿಯೇ ಮುಖ್ಯೋಪಾಧ್ಯಾಯಿನಿಯ ಕೋಣೆಗೆ ಹೋಗಿ, ಸಭೆಯ ದಿನ ಆಡಿದ್ದು ಸುಳ್ಳೆಂದು ಹೇಳಿ ಬಂದರು. ಆಕೆ ಕನ್ನಡಕ ತೆಗೆದು ಮೇಜಿನ ಮೇಲಿಟ್ಟು, ಸರಿ, ಇನ್ನು ಮೇಲೆ ನೋಡಿಕೊಳ್ಳಿ ಎಂದರು. ವಯಸ್ಸಿನಲ್ಲಿ ಹತ್ತು ವರ್ಷ ಚಿಕ್ಕವರಿಂದ ಅಂಥ ಮಾತು ಕೇಳಿಸಿಕೊಳ್ಳುವುದು ಸುಲಭವಿರಲಿಲ್ಲ.

ಪಾಠದ ರೀತಿಯನ್ನು ಮೇಷ್ಟ್ರು ಬದಲಿಸಿದರು. ಸುಳಿವಿನ ಪದಗಳನ್ನು ಬಿಟ್ಟು, ನಿಮ್ಮ ಬೀದಿಯಲ್ಲಿ ನಡೆದದ್ದನ್ನು ಬರೆಯಿರಿ ಎಂದರು. ಮೊದಮೊದಲು ಮಕ್ಕಳು ಮಾದರಿ ಕೊಡಿ ಎಂದು ದುಂಬಾಲು ಬಿದ್ದರು. ನಿಧಾನವಾಗಿ ಕಥೆಗಳು ಬಂದವು. ಒಬ್ಬಳು ಅಜ್ಜಿಯ ಹಲ್ಲಿನ ಸೆಟ್ ಕಳೆದು ಮನೆಮಂದಿಯೆಲ್ಲ ಹುಡುಕಿದ್ದನ್ನು ಬರೆದಳು. ಇನ್ನೊಬ್ಬ ತನ್ನ ಮಾವ ಡ್ರೈವಿಂಗ್ ಪರೀಕ್ಷೆಯಲ್ಲಿ ಐದು ಸಲ ಫೇಲಾದ ಕಥೆಯನ್ನು ಆರನೆಯದರ ಆಸೆಯೊಂದಿಗೆ ನಿಲ್ಲಿಸಿದ. ಇಂಗ್ಲಿಷ್ ಅಡ್ಡಾದಿಡ್ಡಿ ಇತ್ತು. ಮೇಷ್ಟ್ರು ಪುಸ್ತಕಗಳನ್ನು ಮನೆಗೆ ಹೊತ್ತೊಯ್ಯತೊಡಗಿದರು. ಅನುಮಾನ ಬಂದ ಕಡೆ ಸುತ್ತು ಹಾಕುವ ಬದಲು ಅಂಚಿನಲ್ಲಿ ಪೆನ್ಸಿಲ್ಲಿನಿಂದ, ಹೀಗೆಂದರೆ ಏನು ಎಂದು ಕೇಳಿ ಬರೆಯುತ್ತಿದ್ದರು.

ಆ ಹುಡುಗಿ ಮಾತ್ರ ಅವರಿಗೆ ಮತ್ತೆ ಏನನ್ನೂ ಕೊಡಲಿಲ್ಲ. ಗೈಡಿನಲ್ಲಿದ್ದ ಕಥೆಗಳನ್ನೇ ತಪ್ಪಿಲ್ಲದೆ ಇಳಿಸಿ ತರುತ್ತಿದ್ದಳು. ಅಕ್ಷರ ಅಷ್ಟೇ ಅಂದ, ವಾಕ್ಯದ ಕೊನೆಗೆ ಚುಕ್ಕಿ ಅಷ್ಟೇ ಸರಿ. ಎದುರು ಸಿಕ್ಕರೆ ನಮಸ್ತೆ ಸರ್ ಎನ್ನುತ್ತಿದ್ದಳು. ಅವಿಧೇಯತೆ ಎಂದು ಹೆಸರಿಡಬಹುದಾದದ್ದು ಒಂದೂ ಇರಲಿಲ್ಲ. ಪ್ರತಿ ಸಲ ಅಂಕ ಹಾಕುವಾಗ ಮೇಷ್ಟ್ರ ಕೈ ಒಂದು ಕ್ಷಣ ತಡೆಯುತ್ತಿತ್ತು. ನಿನ್ನದೇ ಬರೆ ಎಂದು ಹೇಳುವ ಬಾಯಿ ಅವರಿಗೆ ಉಳಿದಿರಲಿಲ್ಲ.

ವರ್ಷದ ಕೊನೆಗೆ, ಪರೀಕ್ಷೆಯ ಪೇಪರ್ ಕಟ್ಟುವಾಗ, ಪಕ್ಕದ ಮೇಜಿನ ಕನ್ನಡ ಟೀಚರ್ ಮಾತಿನ ನಡುವೆ ಅದೇ ಹುಡುಗಿಯ ವಿಷಯ ಎತ್ತಿದರು. ಎಷ್ಟು ಚೆನ್ನಾಗಿ ಬರೆಯುತ್ತಾಳೆ ನೋಡಿ, ಒಂದು ಇಡೀ ನೋಟ್‌ಬುಕ್ ತುಂಬ ಕಥೆ ಬರೆದಿದ್ದಾಳೆ, ನನಗೆ ಓದಲು ಕೊಟ್ಟಿದ್ದಾಳೆ ಎಂದರು. ನಿಮಗೂ ತೋರಿಸಿರಬೇಕಲ್ಲ ಎಂದು ಕೇಳಿದರು. ಇಲ್ಲ ಎಂದು ಮೇಷ್ಟ್ರು ದಾರಕ್ಕೆ ಗಂಟು ಹಾಕಿದರು. ಸ್ವಲ್ಪ ಹೊತ್ತಿನ ಮೇಲೆ, ನಾನೊಮ್ಮೆ ಓದಬಹುದೇ ಎಂದರು. ಟೀಚರ್ ಪುಸ್ತಕ ತೆಗೆಯಲು ಡ್ರಾಯರ್ ಎಳೆದವರು ಯೋಚಿಸಿ, ಅವಳನ್ನು ಒಂದು ಮಾತು ಕೇಳಿಬಿಡುತ್ತೇನೆ ಎಂದರು.

ಮರುದಿನ ಉತ್ತರ ಬಂತು. ಟೀಚರ್‌ಗೆ ಹೇಳಲು ಮುಜುಗರವಾಗುತ್ತಿತ್ತು. ಬೇಡವಂತೆ ಸರ್, ಯಾಕೋ ಗೊತ್ತಿಲ್ಲ ಎಂದರು. ಮೇಷ್ಟ್ರು, “ನನಗೆ ಗೊತ್ತು” ಎಂದರು. ಅವಳು ಬರೆಯುತ್ತಿದ್ದಾಳೆ ಎನ್ನುವುದಷ್ಟಾದರೂ ತಿಳಿಯಿತಲ್ಲ ಎಂದುಕೊಂಡು, ಎಂಟನೇ ತರಗತಿಯ ಪುಸ್ತಕಗಳನ್ನು ಚೀಲಕ್ಕೆ ತುಂಬಿಕೊಂಡು ಮನೆಯ ದಾರಿ ಹಿಡಿದರು.