ಮಗಳಿಂದ ಕಿತ್ತುಕೊಂಡ ಕಾದಂಬರಿ

ಗೆಳೆಯರೇ, ಪರೀಕ್ಷೆಗೆ ಓದಬೇಕಾದ ಮಗಳು ಇವತ್ತು ಬೆಳಿಗ್ಗೆ ಓದುತ್ತಿದ್ದುದು, ಅಳುವವರನ್ನೆಲ್ಲ ಸರಕಾರ ಹಿಡಿದೊಯ್ದು ಕೊಲ್ಲುವ ಊರಿನ ಕಥೆ. "ಇಂಥದ್ದೆಲ್ಲ ಈಗ ಬೇಡ" ಎಂದು ಪುಸ್ತಕ ಕಿತ್ತುಕೊಂಡು ಆಫೀಸಿಗೆ ಹೊರಟೆ. ಬಸ್ಸಿನಲ್ಲಿ ಸುಮ್ಮನೆ ತೆರೆದವಳಿಗೆ ಇಳಿಯಬೇಕಿದ್ದ ಪೆರುಂಗುಡಿ ಸ್ಟಾಪ್ ದಾಟಿದ್ದೇ ತಿಳಿಯಲಿಲ್ಲ. ಕಥೆಯಲ್ಲಿ ಅಕ್ಕ ಪುಟ್ಟ ತಂಗಿಯ ಬಾಯಿ ಮುಚ್ಚಿ ಹಿಡಿದು ಮಂಚದಡಿ ಅಡಗಿದ್ದಾಳೆ. ಹೊರಗೆ ಬಾಗಿಲು ಬಡಿಯುತ್ತಿದ್ದಾರೆ. ಮುಂದೆ ಓದಲು ಧೈರ್ಯವಾಗಲಿಲ್ಲ. ಕೆಲಸದಲ್ಲೂ ಮನಸ್ಸು ನಿಲ್ಲಲಿಲ್ಲ. ಮಧ್ಯಾಹ್ನ ಊಟ ಸೇರದೆ ಮನೆಗೆ ಫೋನ್ ಮಾಡಿದೆ.

"ಆ ಮಗು ಬದುಕತ್ತಾ? ಅಷ್ಟು ಹೇಳಿಬಿಡೇ."

"ಎನಕ್ಕೆಪ್ಪಡಿ ತೆರಿಯುಂ? ನಂಗೆ ಹೇಗೆ ಗೊತ್ತಾಗತ್ತೆ? ಅಲ್ಲೀವರೆಗೆ ಓದೋಕೆ ಮುಂಚೆನೇ ನೀನು ಕಿತ್ಕೊಂಡ್ಯಲ್ಲಮ್ಮಾ" ಎಂದಳು ಮಗಳು, ತಮಿಳು ಬೆರೆಸಿ.

ಈಗ ಸಂಜೆ. ಇಬ್ಬರೂ ಒಟ್ಟಿಗೆ ಕೂತು ಓದುತ್ತಿದ್ದೇವೆ. ಪುಟ ತಿರುಗಿಸುವ ಕೆಲಸ ಅವಳದು. ಪರೀಕ್ಷೆಯ ಮಾತನ್ನು ಇನ್ನೂ ಯಾರೂ ಎತ್ತಿಲ್ಲ.