ಅಂಜುತ್ತಲೇ ಜೀಪು ನಡೆಸಿದ ಕಾಕಾ

ಕಾಕಾ ಸ್ಟೇರಿಂಗ್ ಹಿಡಿದನೆಂದರೆ ಅವನ ಮೇಲ್ತುಟಿಯ ಮೇಲೆ ಬೆವರಿನ ಹನಿಗಳು ಸಾಲಾಗಿ ನಿಲ್ಲುತ್ತಿದ್ದವು. ಸಂಕ್ರಾಂತಿಯ ಚಳಿಯಲ್ಲೂ ಅಷ್ಟೆ. ಎರಡೂ ಕೈ ಬಿಗಿಹಿಡಿದವನಿಗೆ ಒರೆಸಿಕೊಳ್ಳುವ ಧೈರ್ಯವಿರುತ್ತಿರಲಿಲ್ಲ. ಪಕ್ಕದಲ್ಲಿ ಕೂತ ಆಯಿಯೇ ಸೆರಗಿನಿಂದ ಒರೆಸಿ, "ಮಕ್ಕಳ ತಂದಿ ಆದ ಮಗನ ಮೋತಿ ಇನ್ನೂ ನಾನೇ ಒರಸ್ಬೇಕು" ಎಂದು ಗೊಣಗುತ್ತಿದ್ದಳು.

ಅವನು ನನ್ನ ಅಪ್ಪನ ತಮ್ಮ. ಗೋಗಿಯಿಂದ ಒಳಗಿನ ನಮ್ಮೂರಲ್ಲಿ ಮೂವರು ಅಣ್ಣತಮ್ಮಂದಿರ ಸಂಸಾರ ಒಂದೇ ಒಲೆಯಲ್ಲಿ ಉಣ್ಣುತ್ತಿತ್ತು, ಒಂದೇ ಜೀಪಿನಲ್ಲಿ ತಿರುಗುತ್ತಿತ್ತು. ಅಪ್ಪನ ಅಪ್ಪ, ನಮ್ಮ ಮುತ್ಯಾ, ಯಾರಿಂದಲೋ ಕೊಂಡ ಹಳೆಯ ಜೀಪು ಅದು. ಎಡಬಾಗಿಲನ್ನು ಹಗ್ಗದಿಂದ ಕಟ್ಟಬೇಕು. ಹಿಂದಿನ ತಗಡು ತುಕ್ಕು ತಿಂದು ತೂತಾಗಿ, ಕೆಳಗೆ ರಸ್ತೆ ಓಡುವುದು ಕಾಣುತ್ತಿತ್ತು. ನಾವು ಹುಡುಗರು ಆ ತೂತಿನಲ್ಲಿ ಶೇಂಗಾ ಸಿಪ್ಪೆ ಹಾಕುತ್ತ ಕೂರುತ್ತಿದ್ದೆವು.

ನಮಗೆ ಆಟ, ಕಾಕಾನಿಗೆ ಜೀವ ಕೈಯಲ್ಲಿ. "ಈ ಗಾಡಿಯಾಗ ನಮ್ಮ ಇಡೀ ಮನಿ ಅದ. ಒಂದು ಗಾಲಿ ಕಳಚಿತಂದ್ರ ಮನ್ಯಾಗ ದೀಪ ಹಚ್ಚಾಕ ಯಾರೂ ಉಳಿಯಂಗಿಲ್ಲ" ಎನ್ನುತ್ತಿದ್ದ. ಅದಕ್ಕೇ ಅವನದೊಂದು ಕಟ್ಟಳೆ. ರಂಗಂಪೇಟೆಯ ಅತ್ತೆಯ ಮನೆಗೆ ಎಲ್ಲರೂ ಹೊರಟಾಗ ಒಂದು ಮಗುವನ್ನು ತನ್ನ ಹೆಂಡತಿ ಚಿಗವ್ವನ ಜೊತೆ ಬಸ್ಸಿಗೆ ಹತ್ತಿಸುತ್ತಿದ್ದ. "ಬೀಜಕ್ಕಂತ ಒಂದು ಕಾಳು ಬ್ಯಾರೆ ಇಡಬೇಕು." ಬಹಳ ಸಲ ಆ ಕಾಳು ನಾನೇ. ಮೊದಲು ಅಳುತ್ತಿದ್ದೆ. ಕಾಕಾ ಹೇಳಿದ್ದರ ಅರ್ಥ ತಿಳಿದ ಮೇಲೆ ಅಳು ನಿಂತಿತು, ಹೆದರಿಕೆ ಸುರುವಾಯಿತು. ಬಸ್ಸಿನ ಕಿಟಕಿಯಿಂದ ದಾರಿಯುದ್ದಕ್ಕೂ ನಮ್ಮ ಜೀಪು ಎಲ್ಲಾದರೂ ಬಿದ್ದಿದೆಯೇ ಎಂದು ಹುಡುಕುತ್ತಿದ್ದೆ. ಸುರಪುರದ ಗುಡ್ಡದ ಇಳಿಜಾರು ಬಂದರೆ ಕಣ್ಣು ಮುಚ್ಚಿಬಿಡುತ್ತಿದ್ದೆ.

ಇಂಥ ಕಾಕಾ ನಾನು ಕಾಲೇಜಿಗೆ ಹೋಗುವಾಗ ನನಗೇ ಜೀಪು ಕಲಿಸಲು ನಿಂತ. ಗಂಡುಹುಡುಗರಿಗೆ ಸಿಟ್ಟು ಬಂತು. "ನೀವು ಜೋರು ಓಡಸ್ತೀರಿ. ಈಕಿ ಅಂಜತಾಳ. ಅಂಜೋರ ಕೈಯಾಗ ಗಾಡಿ ಕೊಟ್ರ ನನಗ ನಿದ್ದಿ ಬರ್ತದ" ಎಂದ. ಕಾಲುವೆ ಪಕ್ಕದ ಮಣ್ಣಿನ ರಸ್ತೆಯಲ್ಲಿ ಕಲಿತೆ. ನೀರಿನ ಕಡೆಗೆ ಅವನು ತಿರುಗಿಯೂ ನೋಡುತ್ತಿರಲಿಲ್ಲ. ಚಿಕ್ಕವನಿದ್ದಾಗ ಜೊತೆಗಾರನೊಬ್ಬ ಬಾವಿಯಲ್ಲಿ ಮುಳುಗಿದ್ದನ್ನು ದಂಡೆಯಲ್ಲಿ ನಿಂತು ಕಂಡವನು. ಈಜು ಕಲಿಯಲೇ ಇಲ್ಲ.

ಆ ಮಳೆಗಾಲದಲ್ಲಿ ನನ್ನ ಅಣ್ಣನ ಹೆಂಡತಿ, ನಮ್ಮ ವೈನಿ, ತುಂಬಿದ ಬಸುರಿ. ಅಪ್ಪ, ಅಣ್ಣ, ದೊಡ್ಡಪ್ಪ ಗೊಬ್ಬರ ತರಲು ಶಹಾಪುರಕ್ಕೆ ಹೋದ ದಿನವೇ, ಮಧ್ಯಾಹ್ನ, ವೈನಿಗೆ ನೋವು ಹತ್ತಿತು. ಆಂಬುಲೆನ್ಸಿಗೆ ಫೋನ್ ಮಾಡಿದೆವು. ಅದು ಬಂದು ಹಳ್ಳದ ಆಚೆ ದಂಡೆಯಲ್ಲೇ ನಿಂತಿತು. ಸೇತುವೆಯ ಮೇಲೆ ನೀರು ಹರಿಯುತ್ತಿತ್ತು. ವೈನಿಯನ್ನೂ ಆಯಿಯನ್ನೂ ಜೀಪಿನ ಹಿಂದೆ, ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡು ಕಾಕಾ ಹಳ್ಳದ ತನಕ ಬಂದ. ಕೆನ್ನೀರಿನ ಅಡಿಯಲ್ಲಿ ಸೇತುವೆ ಎಲ್ಲಿ ಮುಗಿಯುತ್ತದೆ, ಗುಂಡಿ ಎಲ್ಲಿ ಸುರುವಾಗುತ್ತದೆ, ತಿಳಿಯುವಂತಿರಲಿಲ್ಲ. ಬದಿಗೆ ಕಟಾಂಜನದ ಕಂಬಿಯೂ ಇಲ್ಲ. ಹಿಂದಿನಿಂದ ವೈನಿ ಚೀರಿದಳು.

ಕಾಕಾ ಇಳಿದ. ಬಾಗಿಲ ಹಗ್ಗ ಬಿಚ್ಚಿ ಒಂದು ತುದಿ ತನ್ನ ಸೊಂಟಕ್ಕೆ, ಇನ್ನೊಂದು ತುದಿ ಜೀಪಿನ ಮುಂದಿನ ಕೊಕ್ಕೆಗೆ ಕಟ್ಟಿದ.

"ನೀ ನಡಸು. ನಾ ಕಾಲಿಲೆ ದಾರಿ ನೋಡ್ಕೋತ ಮುಂದ ಹೋಗ್ತೀನಿ. ನೀರು ನೋಡಬ್ಯಾಡ, ನನ್ನ ಬೆನ್ನು ನೋಡು."

"ಕಾಕಾ, ನಿನಗ ಈಜು ಬರಂಗಿಲ್ಲ!"

"ಜೀಪಿಗಾದ್ರೂ ಎಲ್ಲಿ ಬರ್ತದ?"

ನೀರು ಅವನ ಮೊಣಕಾಲು ದಾಟಿತು. ತಗಡಿನ ತೂತಿನಿಂದ ಒಳಗೂ ಉಕ್ಕಿತು. ಹಿಂದೆ ಆಯಿ, "ಕಾಲು ಮ್ಯಾಲ ಎತ್ಗೊ, ನನ್ನವ್ವ" ಎನ್ನುತ್ತಿದ್ದಳು. ನಡುಹಳ್ಳದಲ್ಲಿ ಕಾಕಾ ಜಾರಿದ. ಎಡಕ್ಕೆ ಬಿದ್ದವನ ಹೆಗಲ ಟಾವೆಲ್ ಮಾತ್ರ ನೀರಿನ ಮೇಲೆ ಕಂಡಿತು. ಹಗ್ಗ ಬಿಗಿಯಾಗಿ ಜೀಪನ್ನು ಜಗ್ಗಿತು. ಎಂಜಿನ್ ಒಮ್ಮೆ ನಿಂತರೆ ಮತ್ತೆ ಸುರುವಾಗದು, ಮುಂದೆ ಬಿಟ್ಟರೆ ಅವನ ಮೇಲೆಯೇ ಹೋಗುತ್ತದೆ. ಒಂದು ಕಾಲು ಕ್ಲಚ್ಚಿನ ಮೇಲೆ, ಒಂದು ಆಕ್ಸಲರೇಟರಿನ ಮೇಲೆ ಒತ್ತಿ ಜೀಪನ್ನು ನಿಂತಲ್ಲೇ ಹಿಡಿದೆ.

ಬಂಪರಿನ ಮೇಲೆ ಮೊದಲು ಅವನ ಕೈ ಕಂಡಿತು. ಆಮೇಲೆ ಕೆಸರು ಮೆತ್ತಿದ ಮುಖ. ಕೆಮ್ಮಿ ನೀರು ಉಗುಳಿ ಕೂಗಿದ:

"ನನಗ ಭಾಳ ಅಂಜಿಕಿ ಆಗಾಕತ್ತದವ್ವ! ನಿನಗ?"

"ನನಗೂ ಕಾಕಾ!"

"ಹಂಗಂದ್ರ ಛಲೋ ಆತು. ಸಾವಕಾಶ ಬಾ!"

ಮತ್ತೆ ತಿರುಗಿ ಬೆನ್ನು ಕೊಟ್ಟ. ನಾನು ಆ ಬೆನ್ನಿನ ಹಿಂದೆ ಬಂದೆ. ಆಚೆ ದಂಡೆಯಲ್ಲಿ ವೈನಿಯನ್ನು ಆಂಬುಲೆನ್ಸಿಗೆ ಎತ್ತಿದಾಗ ಕಾಕಾ ಸೊಂಟದ ಹಗ್ಗ ಬಿಚ್ಚಲಾಗದೆ ರಸ್ತೆ ಬದಿಯಲ್ಲಿ ಕೂತು ವಾಂತಿ ಮಾಡಿಕೊಳ್ಳುತ್ತಿದ್ದ. ಸಂಜೆಯೊಳಗೆ ಶಹಾಪುರದಲ್ಲಿ ಹೆಣ್ಣು ಹುಟ್ಟಿತು. ತಾಯಿ ಮಗು ಇಬ್ಬರೂ ಉಳಿದರು. ಕಾಕಾ ಮತ್ತೆ ಆ ಜೀಪಿನ ಸ್ಟೇರಿಂಗ್ ಮುಟ್ಟಲಿಲ್ಲ. ಯಾರೂ ಮುಟ್ಟು ಎಂದು ಹೇಳಲೂ ಇಲ್ಲ.

ಹೋದ ಬೇಸಿಗೆಯಲ್ಲಿ ಅವನ ಎದೆ ಸೋತಿತು. ಆಸ್ಪತ್ರೆಯವರು ಇನ್ನು ಮನೆಗೆ ಕರೆದುಕೊಂಡು ಹೋಗಿ ಎಂದಿದ್ದರು. ಪಡಸಾಲೆಯ ಮಂಚದ ಸುತ್ತ ಇಡೀ ಮನೆ ನಿಂತಿತ್ತು. ಎಲ್ಲರದೂ ಒಂದೇ ಮಾತು: "ಅಂಜಬ್ಯಾಡ, ಏನೂ ಆಗಂಗಿಲ್ಲ." ಅವನ ಕಣ್ಣು ಒಬ್ಬೊಬ್ಬರ ಮುಖವನ್ನೂ ದಾಟಿ ನನ್ನ ಮೇಲೆ ನಿಂತಿತು.

"ಅವ್ವಾ, ಅಂಜಿಕಿ ಆಗಾಕತ್ತದ."

ಮಂಚದ ಅಂಚಿನಲ್ಲಿ ಕೂತು ಅವನ ಕೈ ಹಿಡಿದು, "ನನಗೂ ಕಾಕಾ" ಎಂದೆ.

ಅವನು ತಲೆಯಾಡಿಸಿದ. ಉಸಿರು ಸ್ವಲ್ಪ ಹದಕ್ಕೆ ಬಂತು. ಊಟದ ಹೊತ್ತಿಗೆ ಬೆರಳುಗಳು ಸಡಿಲಾದವು. ಅಪ್ಪ ಬಂದು ಭುಜ ಮುಟ್ಟಿ "ಹೋಗ್ಯಾನವ್ವ, ಬಿಡು" ಎಂದ ಮೇಲೂ ನಾನು ಬಹಳ ಹೊತ್ತು ಆ ಕೈ ಬಿಡಲಿಲ್ಲ.