ಕುಡಿದಿದ್ದ ಎಂದು ಬರೆದವನು

ನಮ್ಮಕ್ಕನ ಕೆಲಸ ನೋಡುವವರಿಗೆ ಏನೂ ಅಲ್ಲ. ಕಮರಿಯೊಳಗೆ, ಮೊದಲ ಜಲಪಾತದ ಕೆಳಗೆ ಒಂದು ತಗಡಿನ ಶೆಡ್ಡು. ರಾಫ್ಟ್ ಹತ್ತಲು ಬಂದವರಿಗೆ ಅಲ್ಲಿ ಲೈಫ್ ಜಾಕೆಟ್ ತೊಡಿಸುವುದು, ಮೂರು ಬಕಲ್ ಹಾಕುವುದು, ಹೆಗಲ ಪಟ್ಟಿ ಹಿಡಿದು ಮೇಲಕ್ಕೆ ಜಗ್ಗಿ ನೋಡುವುದು. ಸಡಿಲ ಅನ್ನಿಸಿತೋ, ಮತ್ತೆ ಬಿಗಿಯುತ್ತಾಳೆ. ಉಸಿರು ಕಟ್ಟುತ್ತೆ ಅಂದವರಿಗೆ, "ನೀರೊಳಗೆ ಇನ್ನೂ ಚೆನ್ನಾಗಿ ಕಟ್ಟುತ್ತೆ" ಅನ್ನುತ್ತಾಳೆ. ನಾನು ಪಕ್ಕದಲ್ಲೇ ಟಿಕೆಟ್ ಹರಿಯುತ್ತೇನೆ.

ಅವಳ ಮಗ ಇಲ್ಲೇ ರಾಫ್ಟ್ ನಡೆಸುತ್ತಿದ್ದ. ಆರು ವರ್ಷದ ಹಿಂದೆ, ಬಂಡೆಗಳ ನಡುವಿನ ಸೆಳವಿನಲ್ಲಿ ರಾಫ್ಟ್ ಮಗುಚಿತು. ಬಂದವರೆಲ್ಲ ಬದುಕಿದರು. ಇವನ ಜಾಕೆಟ್ಟಿನ ಬಕಲ್ ಕಳಚಿ, ಜಾಕೆಟ್ ಒಂದೇ ತೇಲಿ ಬಂತು. ಆ ಅಗ್ಗದ ಮಾಲು ತರಿಸಿದ್ದು ಆಗಿನ ಮ್ಯಾನೇಜರ್. ಆ ಮಹಾನುಭಾವ ವರದಿಯಲ್ಲಿ "ಚಾಲಕ ಕುಡಿದಿದ್ದ" ಎಂದು ಬರೆದು ಕೈ ತೊಳೆದುಕೊಂಡ. ಸಿಗರೇಟಿನ ಹೊಗೆಗೂ ಕೆಮ್ಮುತ್ತಿದ್ದ ನಮ್ಮ ಹುಡುಗ, ಕುಡಿದಿದ್ದನಂತೆ. ಮರುವಾರವೇ ಹಳೆಯ ಜಾಕೆಟ್ಟುಗಳನ್ನು ಸುಟ್ಟು ಹೊಸವನ್ನು ತರಿಸಿದರು. ವರದಿ ಮಾತ್ರ ಹಾಗೇ ಉಳಿಯಿತು. ಅಕ್ಕ ಕಚೇರಿಗೆ ಅಲೆದು ಅಲೆದು ಚಪ್ಪಲಿ ಸವೆಸಿದಳು. ಬರೆದದ್ದು ಸುಳ್ಳು ಅಂತ ಅವನೇ ಬಾಯಿಬಿಟ್ಟು ಹೇಳಬೇಕು, ಅದೇ ಅವಳ ಹಟ. ಗಾಜಿನ ಬಾಗಿಲಾಚೆ ಕೂತವನು ಒಮ್ಮೆಯೂ ತಲೆಯೆತ್ತಿ ನೋಡಲಿಲ್ಲ. ಕೊನೆಗೆ ನಿವೃತ್ತನಾಗಿ ಊರೇ ಬಿಟ್ಟ.

ಹೋದ ಭಾನುವಾರ ಬೆಳಿಗ್ಗೆ ಅವನೇ ಬಂದ. ಜೊತೆಗೆ ಹೆಂಡತಿ, ಮಗಳು, ಅಳಿಯ. ಜಲಪಾತ ನೋಡಿ, ಫೋಟೋ ತೆಗೆಸಿಕೊಂಡು, ನಗುನಗುತ್ತಾ ನಮ್ಮ ಶೆಡ್ಡಿಗೆ ಇಳಿದ. ಯಾರ ಮುಂದೆ ನಿಂತಿದ್ದೇನೆಂಬ ಗುರುತೂ ಇಲ್ಲ. ನನ್ನ ಮೈಯೆಲ್ಲ ಉರಿದುಹೋಯಿತು. ಅಕ್ಕ ತಣ್ಣಗೆ ಉಳಿದ ಮೂವರಿಗೂ ಹೊಸ ಜಾಕೆಟ್ ಬಿಗಿದಳು. ಆಮೇಲೆ ಬೆಂಚಿನಡಿಯ ಚೀಲದಿಂದ ಇನ್ನೊಂದನ್ನು ತೆಗೆದಳು. ಹಳೆಯ ಮಾಲು. ಸುಡುವ ದಿನ ಅವಳು ಒಂದನ್ನು ಎತ್ತಿಟ್ಟದ್ದು ನನಗೂ ಗೊತ್ತಿರಲಿಲ್ಲ.

ತೊಡಿಸಿದಳು, ಬಕಲ್ ಹಾಕಿದಳು. ಜಗ್ಗಿ ನೋಡಲಿಲ್ಲ.

ಅವನೇ ಬಕಲ್ ಮುಟ್ಟಿ ನೋಡಿಕೊಂಡ. ಮುಖ ಬಿಳಿಚಿಕೊಂಡಿತು. "ಇದು ಹಳೇ ಸ್ಟಾಕ್ ಅಲ್ವೇನಮ್ಮ? ಬೇಡ, ಬೇರೆ ಕೊಡು."

"ಯಾಕೆ ಸಾರ್, ಚೆನ್ನಾಗೇ ಇದೆಯಲ್ಲ."

"ಏನು ಚೆನ್ನಾಗಿದೆ? ಈ ಬಕಲ್ ನೀರಿನ ಹೊಡೆತಕ್ಕೆ ಬಿಚ್ಕೊಳ್ಳುತ್ತೆ. ನನಗೆ ಗೊತ್ತಿಲ್ವಾ?"

"ಗೊತ್ತಿತ್ತು," ಎಂದಳು ಅಕ್ಕ. "ನನ್ನ ಮಗ ಕುಡಿದಿದ್ದ ಅಂತ ಬರೆದಾಗಲೂ ಗೊತ್ತಿತ್ತು. ಈಗ ಇಷ್ಟು ಜನರ ಮುಂದೆ ಹೇಳಿ, ಅವನು ಕುಡಿದಿದ್ನಾ?"

ಸಾಲಿನಲ್ಲಿದ್ದವರೆಲ್ಲ ತಿರುಗಿದರು. "ಏನಪ್ಪಾ ಇದು?" ಅಂದಳು ಮಗಳು. ಅವನು ನೆಲ ನೋಡಿಕೊಂಡು "ಇಲ್ಲ" ಎಂದ.

"ಜೋರಾಗಿ ಹೇಳಿ."

"ಕುಡಿದಿರಲಿಲ್ಲ."

ಮಗಳು ಅವನಿಗೆ ಕಾಯದೆ ಮೆಟ್ಟಿಲು ಹತ್ತಿ ಹೋದಳು. ಹೆಂಡತಿಯೂ ಹಿಂದೆಯೇ ಹೋದಳು. ನನ್ನ ಹೊಟ್ಟೆ ತಣ್ಣಗಾಯಿತು, ಸುಳ್ಳು ಯಾಕೆ ಹೇಳಲಿ.

ಮಧ್ಯಾಹ್ನ ಊಟಕ್ಕೆ ಕೂತಾಗ ಕೇಳಿದೆ: "ಅಕ್ಕ, ಅವನು ಗಮನಿಸದೆ ರಾಫ್ಟ್ ಹತ್ತಿಬಿಟ್ಟಿದ್ದರೆ? ನೀನು ತಡೀತಿದ್ದೆ ತಾನೆ?"

ಅಕ್ಕ ಊಟದ ಡಬ್ಬಿಯ ಮುಚ್ಚಳ ತೆಗೆದಳು.

"ಹತ್ತಲಿ ಅಂತಲೇ ಕೊಟ್ಟಿದ್ದು."